ಕಾಯಿಲೆಯ ಜೊತೆಗಿದ್ದೇ ಮರ ನೋಡುವುದು

ತುಂಬ ದಿನದಿಂದ ಕಾಯಿಲೆ ಇರುವವರಿಗೆ ಪುಕ್ಕಟೆ ಸಲಹೆಗಳಿಗೆ ಬರವಿಲ್ಲ. ಅದರಲ್ಲಿ ಒಂದು ಹೀಗಿರುತ್ತದೆ: "ಸುಮ್ನೆ ಒಳಗೆ ಕೂತಿರಬೇಡಿ. ಹೊರಗೆ ಹೋಗಿ, ನಾಲ್ಕು ಗಿಡ ಮರ ನೋಡಿ. ಎಲ್ಲ ಸರಿಹೋಗುತ್ತೆ." ನನಗೆ ಸಂಧಿವಾತ ಇದೆ, ರುಮಟಾಯ್ಡ್ ಅನ್ನುವ ಬಗೆಯದು. ಬೆಳಿಗ್ಗೆ ಎದ್ದ ಮೇಲೆ ಬೆರಳು ಸರಿಯಾಗಿ ಮಡಚಲು ಒಂದು ಗಂಟೆ ಬೇಕು. ಆ ಹೊತ್ತಿನಲ್ಲಿ ಈ ಮಾತು ಕಿವಿಗೆ ಬಿದ್ದರೆ ಮೈಯೆಲ್ಲ ಉರಿಯುತ್ತದೆ. ಮರ ನೋಡಿದರೆ ಕೀಲಿನ ಊತ ಇಳಿಯುತ್ತದಾ?

ಇಳಿಯುವುದಿಲ್ಲ. ಆದರೂ ಆ ಸಲಹೆ ಪೂರ್ತಿ ಜೊಳ್ಳಲ್ಲ. ಅದರೊಳಗೆ ಒಂದಿಷ್ಟು ಕಾಳಿದೆ. ಎಷ್ಟು ಕಾಳು, ಎಷ್ಟು ಜೊಳ್ಳು ಅಂತ ಕೇರಿ ನೋಡುವುದೇ ಈ ಬರಹದ ಕೆಲಸ.

ಕುಗ್ಗು ಮತ್ತು ಹಿಗ್ಗು

ಕಾಯಿಲೆ ಬಂದರೆ ಶಕ್ತಿ ಹೋಗುತ್ತದೆ. ಅದು ಎಲ್ಲರಿಗೂ ಗೊತ್ತು. ಅಷ್ಟಾಗಿ ಯಾರೂ ಮಾತಾಡದ ಇನ್ನೊಂದು ನಷ್ಟ ಇದೆ. ನಮ್ಮ ಗಮನ ನಮ್ಮ ಕೈತಪ್ಪಿ ಹೋಗುತ್ತದೆ.

ನೋವು ಅಂದರೆ ದೇಹದ ಅಲಾರಂ. ಅದು ಹೊಡೆಯುತ್ತಿರುವಾಗ ಬೇರೇನನ್ನೂ ಯೋಚಿಸಲು ಆಗಬಾರದು, ಅದು ಇರುವುದೇ ಅದಕ್ಕೆ. ಕೈ ಬೆಂಕಿಗೆ ತಾಗಿದಾಗ ಈ ಏರ್ಪಾಡು ಕೈಯನ್ನು ಉಳಿಸುತ್ತದೆ. ಆದರೆ ತಿಂಗಳುಗಟ್ಟಲೆ, ವರ್ಷಗಟ್ಟಲೆ ಉಳಿದುಬಿಡುವ ನೋವಿನಲ್ಲಿ ಅದೇ ಅಲಾರಂ ನಿಲ್ಲದೆ ಹೊಡೆಯುತ್ತದೆ. ಅದರ ಮೇಲೆ ಕಾವಲು ಕಾಯುವ ಕೆಲಸ ಬೇರೆ. ಮಾತ್ರೆ ತಗೊಂಡೆನಾ? ಈ ಕೆಮ್ಮು ಹಳೆಯದಾ, ಹೊಸದಾ? ರಿಪೋರ್ಟ್ ಯಾವಾಗ ಬರುತ್ತೆ? ಮನಸ್ಸು ಗಾಣದ ಎತ್ತಿನ ಹಾಗೆ ಅದೇ ದಾರಿಯಲ್ಲಿ ಸುತ್ತುತ್ತದೆ. ಸಂಜೆ ಹೊತ್ತಿಗೆ, ಒಂದು ಕಡ್ಡಿ ಎತ್ತಿಡದಿದ್ದರೂ ತಲೆ ಸೋತು ಹೋಗಿರುತ್ತದೆ.

ಇದಕ್ಕೆ ಕನ್ನಡದಲ್ಲಿ ಒಳ್ಳೆಯ ಮಾತಿದೆ: ಕುಗ್ಗುವುದು. ಜಗತ್ತು ಕುಗ್ಗಿ ಕುಗ್ಗಿ ಒಂದು ಮೊಣಕಾಲಿನಷ್ಟೋ, ಒಂದು ಶ್ವಾಸಕೋಶದಷ್ಟೋ ಆಗುತ್ತದೆ. ಅದರ ಎದುರು ಪದ ಹಿಗ್ಗು. ಹಿಗ್ಗು ಅಂದರೆ ಖುಷಿ. ಹಿಗ್ಗುವುದು ಅಂದರೆ ಅಗಲವಾಗುವುದು ಕೂಡ. ರಬ್ಬರ್ ಹಿಗ್ಗುತ್ತದೆ, ಬಟ್ಟೆ ಹಿಗ್ಗುತ್ತದೆ, ಮನಸ್ಸೂ ಹಿಗ್ಗುತ್ತದೆ. ಇಲ್ಲಿ ಸಂತೋಷ ಅಂದಾಗಲೆಲ್ಲ ನಾನು ಹೇಳುತ್ತಿರುವುದು ಈ ಹಿಗ್ಗನ್ನೇ. ಸದಾ ನಗುತ್ತಾ ಇರುವುದನ್ನಲ್ಲ. ಕಾಯಿಲೆ ತನ್ನ ಜಾಗದಲ್ಲೇ ಇರುತ್ತದೆ. ಅದರ ಪಕ್ಕದಲ್ಲಿ ಇನ್ನೊಂದು ವಿಷಯಕ್ಕೂ ಜಾಗ ಆಗುವಷ್ಟು ಮನಸ್ಸು ಅಗಲವಾಗುತ್ತದೆ. ಅಷ್ಟೇ.

ಇದನ್ನು ಅಳೆಯಲು ಹೋದವರೂ ಇದ್ದಾರೆ. 2020ರಲ್ಲಿ ಅಮೆರಿಕದಲ್ಲಿ ಒಂದು ಚಿಕ್ಕ ಪ್ರಯೋಗದ ವರದಿ ಬಂತು. 52 ಮಂದಿ ಹಿರಿಯರು 8 ವಾರ, ವಾರಕ್ಕೊಮ್ಮೆ 15 ನಿಮಿಷ ನಡೆದರು. ಅರ್ಧ ಜನರಿಗೆ ಮಾತ್ರ ಒಂದು ಸೂಚನೆ ಕೊಟ್ಟಿದ್ದರು: ಬೆರಗು ಹುಟ್ಟಿಸುವ ಯಾವುದನ್ನಾದರೂ ಹುಡುಕುತ್ತಾ ನಡೆಯಿರಿ. ಎಲ್ಲರೂ ದಾರಿಯಲ್ಲಿ ಸೆಲ್ಫಿ ತೆಗೆಯಬೇಕಿತ್ತು. ವಾರ ಕಳೆದಂತೆ ಬೆರಗಿನ ಗುಂಪಿನವರ ಫೋಟೋಗಳಲ್ಲಿ ಅವರ ಮುಖ ಚಿಕ್ಕದಾಗುತ್ತಾ ಬಂತು, ಸುತ್ತಲಿನ ಜಾಗ ದೊಡ್ಡದಾಗುತ್ತಾ ಬಂತು. ನಗು ಮಾತ್ರ ಅಗಲವಾಗುತ್ತಾ ಹೋಯಿತು. ಯಾರೂ ಹಾಗೆ ಮಾಡಿ ಅಂತ ಹೇಳಿಕೊಟ್ಟಿರಲಿಲ್ಲ.

ಎಲೆ ಅಲ್ಲಾಡುವುದರಲ್ಲಿ ಏನಿದೆ

ಟೀವಿ ನೋಡಿದರೂ ಗಮನ ಬೇರೆ ಕಡೆ ಹೋಗುತ್ತದಲ್ಲ, ಮರವೇ ಯಾಕೆ ಬೇಕು? ಈ ಪ್ರಶ್ನೆ ನ್ಯಾಯವಾದದ್ದೇ. ಇದಕ್ಕೆ ಉತ್ತರ ಬೇಕೆಂದರೆ ಗಮನದ ಎರಡು ಬಗೆಗಳನ್ನು ಬಿಡಿಸಿ ನೋಡಬೇಕು.

ಒಂದು, ನಾವು ಪ್ರಯತ್ನಪಟ್ಟು ಕೊಡುವ ಗಮನ. ಫಾರ್ಮ್ ತುಂಬುವಾಗ, ಮಾತ್ರೆಗಳ ಲೆಕ್ಕ ಇಡುವಾಗ, ಡಾಕ್ಟರ್ ಹೇಳಿದ್ದನ್ನು ಮರೆಯದೆ ನೆನಪಿಟ್ಟುಕೊಳ್ಳುವಾಗ ಬಳಸುವಂಥದ್ದು. ಇದು ದಣಿಯುತ್ತದೆ. ಇನ್ನೊಂದು, ತಾನಾಗಿಯೇ ಹೋಗುವ ಗಮನ. ಯಾರೋ ಕೂಗಿದರೆ ತಲೆ ತಿರುಗುತ್ತದಲ್ಲ, ಹಾಗೆ. ಅಮೆರಿಕದ ಮನಶ್ಶಾಸ್ತ್ರಜ್ಞ ವಿಲಿಯಂ ಜೇಮ್ಸ್ 19ನೇ ಶತಮಾನದ ಕೊನೆಯಲ್ಲೇ ಈ ವ್ಯತ್ಯಾಸ ಗುರುತಿಸಿದ್ದರು. ಸುಮಾರು 100 ವರ್ಷ ಆದಮೇಲೆ ಮಿಶಿಗನ್ ವಿಶ್ವವಿದ್ಯಾಲಯದ ರೇಚಲ್ ಮತ್ತು ಸ್ಟೀಫನ್ ಕ್ಯಾಪ್ಲನ್ ದಂಪತಿ ಅದನ್ನು ಮುಂದಕ್ಕೆ ಒಯ್ದರು. ತಾನಾಗಿ ಹೋಗುವ ಗಮನದಲ್ಲೂ ಒರಟು ಸೆಳೆತ, ಮೃದು ಸೆಳೆತ ಅಂತ ಎರಡಿದೆ ಎಂದರು. ಟೀವಿ, ಫೋನು, ಜಗಳ, ಇವೆಲ್ಲ ಕೊರಳಪಟ್ಟಿ ಹಿಡಿದು ಎಳೆಯುವ ಸೆಳೆತಗಳು. ಮೋಡ ಸಾಗುವುದು, ಎಲೆ ಅಲ್ಲಾಡುವುದು, ನೀರು ಹರಿಯುವುದು ಹಾಗಲ್ಲ. ಅವು ಗಮನವನ್ನು ಹಿಡಿದೂ ಹಿಡಿಯದ ಹಾಗೆ ಇಟ್ಟುಕೊಳ್ಳುತ್ತವೆ. ಮನಸ್ಸಿಗೆ ಓಡಾಡಲು ಜಾಗ ಉಳಿಯುತ್ತದೆ. ಆ ಹೊತ್ತಿನಲ್ಲಿ ಪ್ರಯತ್ನದ ಗಮನ ಕಾಲು ಚಾಚಿ ವಿಶ್ರಾಂತಿ ತೆಗೆದುಕೊಳ್ಳುತ್ತದೆ.

ಅದೇ ವಿಶ್ವವಿದ್ಯಾಲಯದಲ್ಲಿ ಮಾಡಿ 2008ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ನನಗೆ ತುಂಬ ಇಷ್ಟ. ಜನರಿಗೆ ಅಂಕಿಗಳನ್ನು ಹೇಳಿ, ಹಿಂದಿನಿಂದ ಮುಂದಕ್ಕೆ ಹೇಳಿಸಿದರು. ಆಮೇಲೆ ಒಂದು ಸಲ ಮರಗಳ ತೋಟದಲ್ಲಿ, ಇನ್ನೊಂದು ಸಲ ವಾಹನ ಓಡಾಡುವ ರಸ್ತೆಯಲ್ಲಿ ನಡೆಸಿ, ಮತ್ತೆ ಅಂಕಿ ಹೇಳಿಸಿದರು. ತೋಟದಲ್ಲಿ ನಡೆದು ಬಂದಾಗ ಚೆನ್ನಾಗಿ ಹೇಳಿದರು. ಇಷ್ಟಾದರೆ ಅದರಲ್ಲಿ ವಿಶೇಷ ಇರಲಿಲ್ಲ. ಕೆಲವರು ಕೊರೆಯುವ ಚಳಿಗಾಲದಲ್ಲಿ ನಡೆದಿದ್ದರು. ಅವರಿಗೆ ಆ ನಡಿಗೆ ಖುಷಿ ಕೊಟ್ಟಿರಲಿಲ್ಲ. ಆದರೂ ಅವರ ಗಮನ ಅಷ್ಟೇ ಸುಧಾರಿಸಿತ್ತು.

ಕಾಯಿಲೆ ಇರುವವರಿಗೆ ಇದು ದೊಡ್ಡ ಸಮಾಧಾನದ ಸುದ್ದಿ. ಹೊರಗೆ ಕೂತಾಗ ಖುಷಿ ಆಗಲೇಬೇಕು ಅಂತ ಇಲ್ಲ. ಮುಖ ಗಂಟಿಕ್ಕಿಕೊಂಡು ಕೂತರೂ ಮರ ತನ್ನ ಕೆಲಸ ಮಾಡುತ್ತದೆ. ಮೊದಲು ತಲೆಗೆ ವಿಶ್ರಾಂತಿ. ಹಿಗ್ಗು ಬಂದರೆ ಆಮೇಲೆ, ಅದರ ಹಿಂದೆ.

ಉಸಿರು ಬೇಡ, ಕೊಂಬೆ ಸಾಕು

ಮೈಂಡ್‌ಫುಲ್‌ನೆಸ್ ಅನ್ನುವ ಪದ ಈಗ ಎಲ್ಲ ಕಡೆ ಕೇಳುತ್ತದೆ. ಈಗ ಏನಾಗುತ್ತಿದೆಯೋ ಅದನ್ನು, ಒಳ್ಳೆಯದು ಕೆಟ್ಟದ್ದು ಅಂತ ತೀರ್ಪು ಕೊಡದೆ ಗಮನಿಸುವುದು, ಅಷ್ಟೇ ಅದರ ಅರ್ಥ. ಇದನ್ನು ಆಸ್ಪತ್ರೆಯ ಒಳಗೆ ತಂದವರು ಜಾನ್ ಕಬಟ್-ಜಿನ್, 1979ರಲ್ಲಿ, ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರದಲ್ಲಿ. ವಾಸಿಯಾಗದ ನೋವಿನಿಂದ ಬಳಲುತ್ತಿದ್ದವರೇ ಅಲ್ಲಿಗೆ ಮೊದಮೊದಲು ಬಂದವರಲ್ಲಿ ಜಾಸ್ತಿ. ಅಂದರೆ ಈ ವಿದ್ಯೆ ಆಸ್ಪತ್ರೆಗೆ ಬಂದದ್ದೇ ಕಾಯಿಲೆಯವರಿಗಾಗಿ. ಆಫೀಸಿನ ಒತ್ತಡ ಇಳಿಸುವ ಆ್ಯಪ್‌ಗಳೆಲ್ಲ ಆಮೇಲೆ ಬಂದವು.

ಆದರೆ ಇಲ್ಲೊಂದು ತೊಡಕಿದೆ. ಸಾಮಾನ್ಯವಾಗಿ ಕಲಿಸುವವರು "ನಿಮ್ಮ ಉಸಿರನ್ನು ಗಮನಿಸಿ" ಅಂತ ಶುರುಮಾಡುತ್ತಾರೆ. ಇಲ್ಲವೇ ತಲೆಯಿಂದ ಕಾಲಿನವರೆಗೆ ದೇಹದ ಒಂದೊಂದು ಭಾಗವನ್ನೂ ಗಮನಿಸಲು ಹೇಳುತ್ತಾರೆ. ಶ್ವಾಸಕೋಶದ ಕಾಯಿಲೆ ಇರುವವರಿಗೆ ಉಸಿರು ಗಮನಿಸು ಅಂದರೆ ಏನಾಗುತ್ತದೆ? ಉಸಿರು ಸಾಲುತ್ತಿಲ್ಲ ಅನ್ನುವ ಗಾಬರಿ ಏರುತ್ತದೆ. ಹೃದಯದ ತೊಂದರೆ ಇರುವವರು ಎದೆಯ ಕಡೆ ಗಮನ ಕೊಟ್ಟರೆ ಪ್ರತಿ ಬಡಿತವನ್ನೂ ಅನುಮಾನದಿಂದ ಕೇಳುತ್ತಾರೆ. ನನ್ನ ವಿಷಯ ಹೇಳುವುದಾದರೆ, ಮಣಿಕಟ್ಟು ತಲುಪುವ ಹೊತ್ತಿಗೆ ನನ್ನ ಸಾವಧಾನವೆಲ್ಲ ಮುಗಿದಿರುತ್ತದೆ. ಈ ಅಭ್ಯಾಸದಿಂದ ಉಪಯೋಗ ಪಡೆದವರು ಬಹಳ ಮಂದಿ ಇದ್ದಾರೆ, ಅದನ್ನು ಅಲ್ಲಗಳೆಯುತ್ತಿಲ್ಲ. ಆದರೆ ಮೊದಲೇ ದೇಹದ ಕಾವಲು ಕಾದು ದಣಿದವರಿಗೆ ಮತ್ತೆ ದೇಹವನ್ನೇ ನೋಡು ಅನ್ನುವುದು ಕೆಲವು ಸಲ ಉಲ್ಟಾ ಹೊಡೆಯುತ್ತದೆ.

ಮರ, ಹಕ್ಕಿ, ಮೋಡ ಇಲ್ಲಿ ನೆರವಿಗೆ ಬರುತ್ತವೆ. ಗಮನವನ್ನು ಕಟ್ಟಿಹಾಕಲು ದೇಹದ ಹೊರಗೆ ಒಂದು ಗೂಟ ಸಿಗುತ್ತದೆ. ಉಸಿರಿನ ಬದಲು ಒಂದು ಕೊಂಬೆ. ಮನಸ್ಸು ಮೊಣಕಾಲಿಗೆ ಓಡಿದರೆ ಬೈಯುವುದು ಬೇಡ, ಮತ್ತೆ ಕೊಂಬೆಗೆ ಕರೆದುಕೊಂಡು ಬಂದರಾಯಿತು. ಹತ್ತು ಸಲ ಓಡಿದರೆ ಹತ್ತು ಸಲ ಕರೆತರುವುದು. ಹೀಗೆ ಕರೆತರುವುದೇ ಇಲ್ಲಿ ಅಭ್ಯಾಸ. ಕಣ್ಣು ಮುಚ್ಚಬೇಕಿಲ್ಲ, ಬೆನ್ನು ನೆಟ್ಟಗಿರಬೇಕಿಲ್ಲ, ಮಲಗಿಕೊಂಡೂ ಆಗುತ್ತದೆ.

ನಾನು ಕಂಡುಕೊಂಡ ಒಂದು ಉಪಾಯ ಇದೆ. "ಇದು ಎಷ್ಟು ಚೆಂದ" ಅಂತ ಶುರುಮಾಡಿದರೆ ಎರಡೇ ನಿಮಿಷಕ್ಕೆ ಬೇಜಾರಾಗುತ್ತದೆ. "ಇದು ಹೀಗೇಕೆ" ಅಂತ ಕೇಳಿದರೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ. ಒಂದು ಎಲೆ ತೆಗೆದುಕೊಳ್ಳಿ. ಬಹುತೇಕ ಎಲೆಗಳ ಮೇಲ್ಮೈ ಗಾಢ ಹಸಿರು, ತಳ ಬಿಳಿಚು. ಬಿಸಿಲು ಬೀಳುವುದು ಮೇಲಿಂದ, ಹಾಗಾಗಿ ಹಸಿರು ತುಂಬಿದ ಜೀವಕೋಶಗಳು ಮೇಲ್ಗಡೆ ಒತ್ತೊತ್ತಾಗಿ ನಿಂತಿರುತ್ತವೆ. ಗಾಳಿ ಆಡುವ ಸಣ್ಣ ರಂಧ್ರಗಳು ಹೆಚ್ಚಾಗಿ ಕೆಳಗಡೆ ಇರುತ್ತವೆ. ಒಂದೇ ಎಲೆಗೆ ಎರಡು ಮುಖ, ಎರಡು ಕೆಲಸ.

ಪಾರಿವಾಳ ನಡೆಯುವಾಗ ತಲೆ ಹಿಂದೆ ಮುಂದೆ ಆಡಿಸುತ್ತದಲ್ಲ, ಯಾಕೆ ಗೊತ್ತಾ? ಸರಿಯಾಗಿ ನೋಡಿದರೆ ಅದು ಆಡಿಸುತ್ತಿರುವುದಿಲ್ಲ. ತಲೆಯನ್ನು ಸರಕ್ಕನೆ ಮುಂದೆ ಚಾಚಿ, ಮೈ ಬಂದು ಸೇರುವ ತನಕ ಅಲ್ಲೇ ನಿಲ್ಲಿಸಿಕೊಳ್ಳುತ್ತದೆ. ಸುತ್ತಲಿನ ನೋಟ ಅಲುಗಾಡದೆ ಇರಲಿ ಅಂತ ಈ ಉಪಾಯ. 1978ರಲ್ಲಿ ಒಬ್ಬ ವಿಜ್ಞಾನಿ ಪಾರಿವಾಳಗಳನ್ನು ಟ್ರೆಡ್‌ಮಿಲ್ ಮೇಲೆ ನಡೆಸಿದ. ಕಾಲು ನಡೆಯುತ್ತಿತ್ತು, ಆದರೆ ಸುತ್ತಲಿನ ನೋಟ ಸರಿಯುತ್ತಿರಲಿಲ್ಲ. ತಲೆ ಆಡುವುದು ನಿಂತುಹೋಯಿತು. ಇದನ್ನು ತಿಳಿದ ದಿನ ನಾನು ಕಿಟಕಿ ಪಕ್ಕ ಅರ್ಧ ಗಂಟೆ ಪಾರಿವಾಳಗಳ ಕತ್ತು ನೋಡುತ್ತಾ ಕೂತಿದ್ದೆ. ಬೆರಳು ನೋಯುತ್ತಲೇ ಇತ್ತು. ಅದರ ನೆನಪಾದದ್ದು ಆಮೇಲೆ.

ಆಸ್ಪತ್ರೆಯ ಕಿಟಕಿ

ಈ ವಿಷಯದಲ್ಲಿ ಎಲ್ಲರೂ ಹೇಳುವ ಅಧ್ಯಯನ ರೋಜರ್ ಉಲ್ರಿಕ್ ಅವರದು. 1984ರಲ್ಲಿ ಪ್ರಕಟವಾಯಿತು. ಅಮೆರಿಕದ ಪೆನ್ಸಿಲ್ವೇನಿಯಾದ ಒಂದು ಆಸ್ಪತ್ರೆಯಲ್ಲಿ 1972ರಿಂದ 1981ರವರೆಗೆ ಪಿತ್ತಕೋಶದ ಆಪರೇಷನ್ ಆದವರ ದಾಖಲೆಗಳನ್ನು ಅವರು ತೆಗೆದು ನೋಡಿದರು. ಕೆಲವರ ಕೋಣೆಯ ಕಿಟಕಿಯಿಂದ ಮರಗಳು ಕಾಣುತ್ತಿದ್ದವು. ಉಳಿದವರಿಗೆ ಕಾಣುತ್ತಿದ್ದದ್ದು ಕಂದು ಇಟ್ಟಿಗೆಯ ಗೋಡೆ. ವಯಸ್ಸು, ಲಿಂಗ ಎಲ್ಲ ಹೊಂದಿಸಿ 23 ಜೋಡಿ ಮಾಡಿ ಹೋಲಿಸಿದರು. ಮರ ಕಾಣುತ್ತಿದ್ದವರು ಆಪರೇಷನ್ ಆದಮೇಲೆ ಸರಾಸರಿ 8 ದಿನಕ್ಕಿಂತ ಸ್ವಲ್ಪ ಮೊದಲೇ ಮನೆಗೆ ಹೋಗಿದ್ದರು. ಗೋಡೆ ಕಾಣುತ್ತಿದ್ದವರಿಗೆ ಸುಮಾರು 8.7 ದಿನ ಬೇಕಾಗಿತ್ತು. ನೋವಿನ ಪ್ರಬಲ ಔಷಧಿಯನ್ನೂ ಮರದ ಕಡೆಯವರು ಕಡಿಮೆ ತೆಗೆದುಕೊಂಡಿದ್ದರು.

ಒಟ್ಟು 46 ಜನ. ಅಷ್ಟು ಚಿಕ್ಕ ಲೆಕ್ಕದ ಮೇಲೆ ದೊಡ್ಡ ಮಹಲು ಕಟ್ಟಬಾರದು. ಆದರೂ ಇದರ ಒಂದು ಅಂಶ ನನ್ನ ಮನಸ್ಸಿನಲ್ಲಿ ಉಳಿದಿದೆ. ಆ ರೋಗಿಗಳು ಎಲ್ಲಿಗೂ ನಡೆದು ಹೋಗಿರಲಿಲ್ಲ. ಹಾಸಿಗೆಯಲ್ಲೇ ಇದ್ದರು.

ಇದನ್ನು ಉಲ್ರಿಕ್‌ಗಿಂತ 100 ವರ್ಷಕ್ಕೂ ಮೊದಲೇ ಫ್ಲಾರೆನ್ಸ್ ನೈಟಿಂಗೇಲ್ ಬರೆದಿಟ್ಟಿದ್ದರು. ಹೊರಗಿನ ನೋಟ ಕಾಣದೆ ಮಲಗಿರುವ ರೋಗಿಯ ಸಂಕಟ ಎಂಥದ್ದು, ಬಣ್ಣದ ಹೂಗಳನ್ನು ಕಂಡಾಗ ಜ್ವರದವರಿಗೆ ಆಗುವ ಆನಂದ ಎಂಥದ್ದು ಅಂತ. ತಮಗೇ ಕಾಯಿಲೆಯಾದಾಗ ಯಾರೋ ಕಳಿಸಿದ ಕಾಡುಹೂಗಳ ಗೊಂಚಲು ನೋಡಿದ ಮೇಲೆ ಚೇತರಿಕೆ ಬೇಗ ಆಯಿತು ಅಂತಲೂ ಹೇಳಿಕೊಂಡಿದ್ದಾರೆ. ಯುದ್ಧಭೂಮಿಯಿಂದ ಬಂದ ಮೇಲೆ ಅವರೂ ವರ್ಷಗಟ್ಟಲೆ ಹಾಸಿಗೆ ಹಿಡಿದಿದ್ದವರು.

ಇತ್ತೀಚಿನ ಅಧ್ಯಯನಗಳಲ್ಲಿ ಜಾಸ್ತಿ ಸುದ್ದಿ ಮಾಡಿದ್ದು 2019ರದು. ಇಂಗ್ಲೆಂಡಿನ ಸುಮಾರು 20,000 ಜನರನ್ನು ಕೇಳಿ ಮಾಡಿದ್ದು. ವಾರಕ್ಕೆ 120 ನಿಮಿಷ ಅಥವಾ ಅದಕ್ಕಿಂತ ಜಾಸ್ತಿ ಪ್ರಕೃತಿಯಲ್ಲಿ ಕಳೆದವರು, ತಮ್ಮ ಆರೋಗ್ಯ ಮತ್ತು ನೆಮ್ಮದಿ ಚೆನ್ನಾಗಿದೆ ಅಂತ ಹೇಳುವ ಸಾಧ್ಯತೆ ಹೆಚ್ಚಿತ್ತು. ದೀರ್ಘ ಕಾಯಿಲೆ ಅಥವಾ ಅಂಗವೈಕಲ್ಯ ಇರುವವರಲ್ಲೂ ಇದೇ ಕಂಡಿತು. ಒಂದೇ ಸಲ 2 ಗಂಟೆ ಹೋದರೂ, ಚೂರು ಚೂರಾಗಿ ಹೋದರೂ ವ್ಯತ್ಯಾಸ ಇರಲಿಲ್ಲ. ಆದರೆ ಇದು ಒಂದು ಹೊತ್ತಿನ ಚಿತ್ರ ಮಾತ್ರ. ಹೊರಗೆ ಹೋದದ್ದರಿಂದ ಚೆನ್ನಾಗಿದ್ದಾರಾ, ಚೆನ್ನಾಗಿದ್ದದ್ದರಿಂದ ಹೊರಗೆ ಹೋದರಾ ಅಂತ ಇದರಿಂದ ಹೇಳಲು ಬರುವುದಿಲ್ಲ. ಇನ್ನೊಂದು ಮಾತು: ಆ 120 ನಿಮಿಷವನ್ನು ಗೋಡೆಗೆ ಬರೆದು ಅಂಟಿಸಿಕೊಳ್ಳಬೇಡಿ. ಕಾಯಿಲೆಯವರಿಗೆ ಈಗಾಗಲೇ ಮುಟ್ಟಲಾಗದ ಗುರಿಗಳು ಸಾಕಷ್ಟಿವೆ.

ಹೊರಗೆ ಹೋಗಲಾಗದವರಿಗೆ ಹತ್ತಿರವಾದ ಅಧ್ಯಯನ 2022ರದು, ಲಂಡನ್ನಿನ ಕಿಂಗ್ಸ್ ಕಾಲೇಜಿನವರು ಮಾಡಿದ್ದು. ಸುಮಾರು 1,300 ಜನ ಫೋನಿನ ಆ್ಯಪ್‌ನಲ್ಲಿ ದಿನಕ್ಕೆ ಹಲವು ಸಲ, ಈಗ ಹಕ್ಕಿ ಕಾಣುತ್ತಿದೆಯಾ, ಕೇಳುತ್ತಿದೆಯಾ, ಮನಸ್ಸು ಹೇಗಿದೆ ಅಂತ ತಿಳಿಸಿದರು. ಹಕ್ಕಿ ಕಂಡಾಗ ಅಥವಾ ಕೇಳಿದಾಗ ಮನಸ್ಸು ಹಗುರವಾಗಿರುತ್ತಿತ್ತು, ಆ ಹಗುರ 8 ಗಂಟೆಯವರೆಗೂ ಉಳಿಯುವುದಿತ್ತು. ಖಿನ್ನತೆ ಇದೆ ಅಂತ ಗುರುತಿಸಿದವರಲ್ಲೂ ಹಾಗೇ. ಒಂದು ಕಾಗೆ ಕೂಗಿದರೂ ಲೆಕ್ಕಕ್ಕೆ ಬರುತ್ತದೆ!

ಈ ಅಧ್ಯಯನಗಳಲ್ಲಿ ಒಂದೂ ಕಾಯಿಲೆ ವಾಸಿಯಾಗುತ್ತದೆ ಅಂತ ಹೇಳಿಲ್ಲ. 1982ರಲ್ಲಿ ಜಪಾನಿನ ಅರಣ್ಯ ಇಲಾಖೆಯವರು ಕಾಡಿನಲ್ಲಿ ನಿಧಾನವಾಗಿ ಹೊತ್ತು ಕಳೆಯುವುದಕ್ಕೆ 'ಶಿನ್‌ರಿನ್-ಯೋಕು', ಅಂದರೆ ಕಾಡಿನ ಸ್ನಾನ, ಅಂತ ಚೆಂದದ ಹೆಸರು ಕೊಟ್ಟರು. ಈಗ ಅದರ ಹೆಸರಿನಲ್ಲಿ ಏನೇನೋ ಮಾರಾಟವಾಗುತ್ತಿದೆ. ಮಾತ್ರೆ ಬಿಡಿ, ಕಾಡಿಗೆ ಬನ್ನಿ ಅನ್ನುವವರು ಸಿಕ್ಕರೆ ದೂರ ಇರಿ.

ಹಾಸಿಗೆಯಿಂದ ಬಾಗಿಲಿನವರೆಗೆ

ಏಳಲಾಗದ ದಿನ ಏನು ಮಾಡುವುದು? ಹಾಸಿಗೆಯನ್ನು ಕಿಟಕಿಯ ಕಡೆ ತಿರುಗಿಸಲು ಆಗುತ್ತದಾ ನೋಡಿ. ಮನೆಯವರು ಮಾಡಬಹುದಾದ ದೊಡ್ಡ ಉಪಕಾರಗಳಲ್ಲಿ ಇದೂ ಒಂದು. ಒಂದು ತುಂಡು ಆಕಾಶ ಕಂಡರೂ ಆಯಿತು. ಮೋಡ ಯಾವ ಕಡೆಯಿಂದ ಬರುತ್ತಿದೆ? ಕಿಟಕಿಯ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಹೋಗಲು ಎಷ್ಟು ಹೊತ್ತು ಹಿಡಿಯುತ್ತದೆ? ಗೋಡೆಯ ಮೇಲೆ ಬಿದ್ದ ಎಲೆಯ ನೆರಳೂ ಆಗುತ್ತದೆ. ಬೆಳಿಗ್ಗೆ ಅದು ಎಲ್ಲಿತ್ತು, ಈಗ ಎಲ್ಲಿದೆ?

ಬೆಳಕು ಕಣ್ಣಿಗೆ ಚುಚ್ಚುವ ದಿನಗಳಿರುತ್ತವೆ, ಮೈಗ್ರೇನ್ ಇರುವವರಿಗೆ ಗೊತ್ತು. ಆಗ ಕಿವಿ ಇದೆ. ಎಲ್ಲಕ್ಕಿಂತ ಹತ್ತಿರದ ಸದ್ದು ಯಾವುದು? ಎಲ್ಲಕ್ಕಿಂತ ದೂರದ್ದು? ಈ ಎರಡರ ನಡುವೆ ಇನ್ನೇನೇನಿದೆ? ಹೀಗೆ ಹುಡುಕಿದರೆ ಮಲಗಿದಲ್ಲೇ ಕೋಣೆಯ ಗೋಡೆಗಳು ದೂರ ಸರಿದ ಹಾಗೆ ಆಗುತ್ತದೆ.

ಮೂಗೂ ಇದೆ. ಒಣ ನೆಲಕ್ಕೆ ಮಳೆಯ ಮೊದಲ ಹನಿ ಬಿದ್ದಾಗ ಬರುವ ವಾಸನೆಗೆ 1964ರಲ್ಲಿ ಆಸ್ಟ್ರೇಲಿಯಾದ ಇಬ್ಬರು ವಿಜ್ಞಾನಿಗಳು ಪೆಟ್ರಿಕೋರ್ ಅಂತ ಹೆಸರಿಟ್ಟರು. ಆ ಮಣ್ಣಿನ ಘಮದಲ್ಲಿ ಜಿಯೋಸ್ಮಿನ್ ಅನ್ನುವ ವಸ್ತುವಿನ ಪಾಲು ದೊಡ್ಡದು. ಅದನ್ನು ಮಾಡುವುದು ಮಣ್ಣಿನ ಬ್ಯಾಕ್ಟೀರಿಯಾಗಳು. ಒಂದು ಲಕ್ಷ ಕೋಟಿ ಭಾಗದಲ್ಲಿ ಕೆಲವೇ ಭಾಗ ಇದ್ದರೂ ಮನುಷ್ಯನ ಮೂಗು ಅದನ್ನು ಹಿಡಿಯುತ್ತದೆ. ಎಷ್ಟೋ ಕಡೆ ಸೋತ ದೇಹದಲ್ಲಿ ಇಂಥ ಸೂಕ್ಷ್ಮ ಯಂತ್ರ ಇನ್ನೂ ಕೆಲಸ ಮಾಡುತ್ತಿದೆ ಅಂತ ಗೊತ್ತಾದಾಗ ನನಗೆ ನನ್ನ ದೇಹದ ಮೇಲೆ ಸ್ವಲ್ಪ ಗೌರವ ಬಂತು. ತುಂಬ ದಿನದ ಮೇಲೆ.

ಎದ್ದು ಬಾಗಿಲ ಹೊರಗೆ ಬರಲು ಆಗುವ ದಿನ, ಒಂದೇ ಜಾಗ ಆರಿಸಿಕೊಳ್ಳಿ. ದಿನವೂ ಹೊಸ ಜಾಗ ಹುಡುಕುವುದಕ್ಕಿಂತ ಒಂದೇ ಗಿಡವನ್ನು ದಿನಾ ನೋಡುವುದು ಲಾಭ. ನಿನ್ನೆ ಮುಚ್ಚಿದ್ದ ಮೊಗ್ಗು ಇವತ್ತು ಅರ್ಧ ಬಿರಿದಿದೆ ಅಂತ ತಿಳಿಯುವುದು ನಿನ್ನೆ ನೋಡಿದವರಿಗೆ ಮಾತ್ರ.

ವಾಪಸ್ ಬರುವ ಖರ್ಚು

ಶಕ್ತಿಯ ಲೆಕ್ಕಾಚಾರ ಗೊತ್ತಿಲ್ಲದೆ ಹೊರಟರೆ ಪ್ರಕೃತಿಯೂ ಹೊಡೆತ ಕೊಡುತ್ತದೆ. ಲೂಪಸ್ (ದೇಹದ ರಕ್ಷಣಾ ವ್ಯವಸ್ಥೆ ದೇಹದ ಮೇಲೇ ತಿರುಗಿಬೀಳುವ ಕಾಯಿಲೆ) ಇದ್ದ ಕ್ರಿಸ್ಟೀನ್ ಮಿಸೆರಾಂಡಿನೋ ಎಂಬ ಅಮೆರಿಕದ ಮಹಿಳೆ 2003ರಲ್ಲಿ ಇದನ್ನು ಚಮಚಗಳ ಲೆಕ್ಕದಲ್ಲಿ ವಿವರಿಸಿದರು. ದಿನಕ್ಕೆ ಇಷ್ಟೇ ಚಮಚ. ಸ್ನಾನಕ್ಕೆ ಒಂದು, ಬಟ್ಟೆ ಹಾಕಿಕೊಳ್ಳಲು ಒಂದು. ಮುಗಿದರೆ ಮುಗಿಯಿತು. ಈಗ ಜಗತ್ತಿನ ಎಷ್ಟೋ ಕಡೆ ಕಾಯಿಲೆಯವರು "ಇವತ್ತು ನನ್ನ ಹತ್ರ ಚಮಚ ಇಲ್ಲ" ಅಂದರೆ ಇನ್ನೊಬ್ಬ ಕಾಯಿಲೆಯವರಿಗೆ ಅರ್ಥವಾಗುತ್ತದೆ.

ಕಷ್ಟದ ದಿನ ನಾವು ತಪ್ಪು ಮಾಡುವುದು ಕಡಿಮೆ. ತಪ್ಪಾಗುವುದು ಒಳ್ಳೆಯ ದಿನ. ಒಮ್ಮೆ ನೋವು ಕಡಿಮೆ ಇದ್ದ ಬೆಳಿಗ್ಗೆ ಹುಮ್ಮಸ್ಸಿನಲ್ಲಿ ಕೆರೆಯ ದಂಡೆಯಲ್ಲಿ ನಡೆಯುತ್ತಾ ಹೋದೆ. ನೀರುಕಾಗೆಗಳು ರೆಕ್ಕೆ ಬಿಚ್ಚಿ ಬಿಸಿಲಿಗೆ ಒಣಗಿಸುತ್ತಿದ್ದವು. ಕೆರೆಯ ಆಚೆ ಬದಿ ಮುಟ್ಟಿದಾಗ ಹೊಳೆಯಿತು, ಅಷ್ಟೇ ದೂರ ವಾಪಸ್ ನಡೆಯಬೇಕು. ಮುಂದಿನ 3 ದಿನ ಹಾಸಿಗೆ. ನೀರುಕಾಗೆಗಳದ್ದೇನೂ ತಪ್ಪಿಲ್ಲ ಬಿಡಿ.

ಆಗಿನಿಂದ ನನ್ನ ನಿಯಮ ಒಂದೇ. ಸುಸ್ತಾದಾಗ ಅಲ್ಲ, ಚೆನ್ನಾಗಿದೆ ಅನ್ನಿಸುತ್ತಿರುವಾಗಲೇ ತಿರುಗಿಬಿಡುವುದು. ಮಡಚುವ ಸ್ಟೂಲ್ ಒಂದು ಜೊತೆಗಿದ್ದರೆ ದೂರ ಅನ್ನುವುದರ ಅರ್ಥವೇ ಬದಲಾಗುತ್ತದೆ. ಎಂಇ/ಸಿಎಫ್‌ಎಸ್ (ವಿಶ್ರಾಂತಿಯಿಂದಲೂ ಹೋಗದ ತೀವ್ರ ದಣಿವಿನ ಕಾಯಿಲೆ) ಅಥವಾ ದೀರ್ಘ ಕೋವಿಡ್ (ಸೋಂಕು ಹೋದ ಮೇಲೂ ತಿಂಗಳುಗಟ್ಟಲೆ ಉಳಿಯುವ ತೊಂದರೆ) ಇರುವ ಹಲವರಲ್ಲಿ ಇದು ಇನ್ನೂ ಕಠಿಣ. ಮೈ ದಣಿಸಿದ್ದಕ್ಕೆ ಬೆಲೆ ತೆರುವುದು ಆ ಹೊತ್ತಿನಲ್ಲಲ್ಲ, ಒಂದು ಅಥವಾ ಎರಡು ದಿನ ಕಳೆದ ಮೇಲೆ. ಅಂಥವರು "ನಿಧಾನಕ್ಕೆ ಜಾಸ್ತಿ ಮಾಡಿ" ಅನ್ನುವ ಮಾತಿಗೆ ಬೀಳಬಾರದು. ಅವರಿಗೆ ಕಿಟಕಿಯೇ ಸರಿಯಾದ ಕಾಡು.

ಇನ್ನು ಕೆಲವು ಎಚ್ಚರಿಕೆಗಳು, ಬೇಗ ಹೇಳಿ ಮುಗಿಸುತ್ತೇನೆ. ಬರಿಗಾಲಲ್ಲಿ ಹುಲ್ಲಿನ ಮೇಲೆ ನಡೆಯಿರಿ ಅಂತ ಎಲ್ಲರೂ ಹೇಳುತ್ತಾರೆ. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಕಡಿಮೆಯಾಗಿದ್ದರೆ ಖಂಡಿತ ಬೇಡ, ಚುಚ್ಚಿದ ಮುಳ್ಳು ತಿಳಿಯುವುದಿಲ್ಲ. ಲೂಪಸ್ ಇರುವವರಿಗೆ ಬಿಸಿಲೇ ಕಾಯಿಲೆ ಕೆರಳಿಸಬಹುದು. ಸೋಂಕಿಗೆ ಕೊಡುವ ಡಾಕ್ಸಿಸೈಕ್ಲಿನ್, ಹೃದಯ ಬಡಿತದ ಏರುಪೇರಿಗೆ ಕೊಡುವ ಅಮಿಯೋಡರೋನ್‌ನಂಥ ಔಷಧಿಗಳೂ ಚರ್ಮವನ್ನು ಬಿಸಿಲಿಗೆ ನಾಜೂಕು ಮಾಡುತ್ತವೆ. ಮಲ್ಟಿಪಲ್ ಸ್ಕ್ಲೆರೋಸಿಸ್ ಅನ್ನುವ ನರಗಳ ಕಾಯಿಲೆ ಇದ್ದರೆ ಮೈ ಬಿಸಿಯಾದಾಗ ಕಣ್ಣು ಮಂಜಾಗುವುದು, ಕಾಲು ಸೋಲುವುದು ಉಂಟು, ತಂಪು ಹೊತ್ತು ಆರಿಸಿಕೊಳ್ಳಬೇಕು. ಕೀಮೋ ನಡೆಯುತ್ತಿದ್ದು ಬಿಳಿ ರಕ್ತಕಣ ಕಡಿಮೆ ಇದ್ದರೆ ಮಣ್ಣು, ಗೊಬ್ಬರ ಕೈಯಲ್ಲಿ ಮುಟ್ಟುವ ಮೊದಲು ಡಾಕ್ಟರನ್ನು ಕೇಳಿ. ಇದೇ ಕಾರಣಕ್ಕೆ ಕೆಲವು ವಾರ್ಡ್‌ಗಳಲ್ಲಿ ಹೂವನ್ನೂ ಒಳಗೆ ಬಿಡುವುದಿಲ್ಲ. ಅಲ್ಲಿ ಹಕ್ಕಿಗಳ ಧ್ವನಿಮುದ್ರಿಕೆಯೋ ಕಾಡಿನ ವಿಡಿಯೋವೋ ನೆರವಾಗಬಹುದು, ಪರಿಣಾಮ ನಿಜವಾದದ್ದಕ್ಕಿಂತ ಕಡಿಮೆ ಇದ್ದರೂ.

ಏನೂ ಅನ್ನಿಸದ ದಿನ

ಕಿಟಕಿ ಪಕ್ಕ ಕೂತರೂ ಏನೂ ಅನ್ನಿಸದ ದಿನಗಳು ಬರುತ್ತವೆ. ಮರ ಮರವಾಗಿಯೇ ಇರುತ್ತದೆ, ನಾವು ಕಲ್ಲಾಗಿರುತ್ತೇವೆ. ಇನ್ನೂ ಕೆಟ್ಟದ್ದೆಂದರೆ, ಕೆಲವು ಸಲ ಹಸಿರು ನೋಡಿದರೆ ಹೊಟ್ಟೆಕಿಚ್ಚಾಗುತ್ತದೆ. ಆ ಗುಡ್ಡ ಹತ್ತಿ ಇಳಿಯುತ್ತಿದ್ದೆನಲ್ಲ ನಾನು, ಅಂತ. ಆ ದುಃಖ ನಿಜವಾದದ್ದು. ಅದನ್ನು ಒಳ್ಳೆಯ ಯೋಚನೆಗಳಿಂದ ಮುಚ್ಚಿಹಾಕಬೇಕಿಲ್ಲ. ಗುಡ್ಡವನ್ನು ನೋಡುವ ಹಾಗೆ ಅದನ್ನೂ ನೋಡಬಹುದು: ಈಗ ದುಃಖ ಬಂದಿದೆ. ತೀರ್ಪು ಕೊಡದೆ ಗಮನಿಸುವುದು ಅಂದರೆ ಇದೂ ಸೇರಿತು.

ಆದರೆ ವಾರಗಟ್ಟಲೆ ಯಾವುದರಲ್ಲೂ ರುಚಿ ಇಲ್ಲ, ನಿದ್ದೆ ಇಲ್ಲ, ಬದುಕೇ ಬೇಡ ಅನ್ನಿಸುತ್ತಿದೆ ಅಂದರೆ ಅದು ಮರದ ಕೈಲಿ ಆಗುವ ಕೆಲಸ ಅಲ್ಲ. ದೀರ್ಘ ಕಾಯಿಲೆಯ ಜೊತೆ ಖಿನ್ನತೆ ಬರುವುದು ಅಪರೂಪವೇನಲ್ಲ, ಅದಕ್ಕೆ ಚಿಕಿತ್ಸೆ ಇದೆ. ಡಾಕ್ಟರಿಗೆ ಹೇಳಬೇಕು.

ಪ್ರಕೃತಿಯಿಂದ ಪಾಠ ಕಲಿಯಿರಿ ಅನ್ನುವವರ ಬಗ್ಗೆಯೂ ನನಗೆ ಸ್ವಲ್ಪ ಅಸಮಾಧಾನ ಇದೆ. ಮರಕ್ಕೆ ಗಾಯವಾದರೆ ಅದು ನಮ್ಮ ಚರ್ಮದ ಹಾಗೆ ಗಾಯ ಮಾಯಿಸಿಕೊಳ್ಳುವುದಿಲ್ಲ. ಕೆಟ್ಟ ಭಾಗದ ಸುತ್ತ ಒಳಗೇ ಗೋಡೆ ಕಟ್ಟಿ, ಅದನ್ನು ಹಾಗೇ ಬಿಟ್ಟು, ಹೊರಗಡೆ ಹೊಸ ಕಟ್ಟಿಗೆ ಬೆಳೆಸುತ್ತದೆ. ಅಮೆರಿಕದ ಮರವಿಜ್ಞಾನಿ ಅಲೆಕ್ಸ್ ಶಿಗೋ ಸಾವಿರಾರು ಮರಗಳನ್ನು ಸೀಳಿ ನೋಡಿ ಇದನ್ನು ವಿವರಿಸಿದರು. ಇಂಥದ್ದನ್ನು ಓದಿದ ಕೂಡಲೇ "ಹಾಗೆಯೇ ನಾವೂ" ಅಂತ ಬಾಯಿಗೆ ಬರುತ್ತದೆ. ತಡೆದುಕೊಳ್ಳಿ. ಮರ ನಮಗೆ ಪಾಠ ಹೇಳಲು ನಿಂತಿಲ್ಲ. ಅದಕ್ಕೆ ನಮ್ಮ ಕಾಯಿಲೆ ಗೊತ್ತೇ ಇಲ್ಲ. "ಈಗ ಹೇಗಿದ್ದೀರಿ?" ಅಂತ ಕೇಳುವುದಿಲ್ಲ. ಅದರ ಎದುರು ಕೂತಷ್ಟು ಹೊತ್ತು ನಾನು ರೋಗಿ ಅಲ್ಲ, ಸುಮ್ನೆ ನೋಡುತ್ತಿರುವ ಒಬ್ಬಳು. ನನಗೆ ಸಿಕ್ಕ ಹಿಗ್ಗಿನಲ್ಲಿ ಅರ್ಧ ಇದೇ ಇರಬೇಕು.

ನೋವಿನ ಲೆಕ್ಕ ಬರೆಯುವ ಪುಸ್ತಕವೊಂದು ನನ್ನ ಹತ್ತಿರ ಇದೆ. ಬೆಳಿಗ್ಗೆ ಎಷ್ಟು, ರಾತ್ರಿ ಎಷ್ಟು, ಹತ್ತರಲ್ಲಿ ಅಂಕ. ಡಾಕ್ಟರ್ ಬರೆಯಲು ಹೇಳಿದ್ದು. ಅದೇ ಪುಟದ ಬದಿಯಲ್ಲಿ ಆ ದಿನ ಕಂಡದ್ದನ್ನೂ ಒಂದು ಸಾಲು ಬರೆಯುವ ರೂಢಿ ಮಾಡಿಕೊಂಡಿದ್ದೇನೆ. ವಿವರಣೆ ಇಲ್ಲ, ಒಂದು ಸಾಲು. ಹೋದ ಸಲ ಡಾಕ್ಟರ್ ಪುಟ ತಿರುವುತ್ತಾ ಅಂಕಗಳನ್ನೆಲ್ಲ ನೋಡಿ, ಒಂದು ಕಡೆ ನಿಂತರು. "ನೋವು 7. ಗುಬ್ಬಿ ಒಣಹುಲ್ಲು ಕಚ್ಚಿಕೊಂಡು ಬಂತು, 3 ಸಲ ಬೀಳಿಸಿತು" ಅಂತ ಇತ್ತು.

ಔಷಧಿಯ ಡೋಸ್ ಬರೆದರು. ಪುಸ್ತಕ ವಾಪಸ್ ಕೊಡುತ್ತಾ ಕೇಳಿದರು, "ಕೊನೆಗೆ ಗೂಡು ಕಟ್ಟಿತೇನಮ್ಮಾ?"

"ಇನ್ನೂ ಇಲ್ಲ ಡಾಕ್ಟ್ರೇ. ಬರ್ತಾ ಇದೆ, ಬೀಳಿಸ್ತಾ ಇದೆ."